ಕಲಾಯಿ ಹಾಕಿದ ಆಕ್ಸಲ್

ರಶೀದ್ ಎಂಬ ನಮ್ಮ ಊರಿನಲ್ಲಿ ನನ್ನಷ್ಟು ಚೆನ್ನಾಗಿ ಸೊಂಟ ತಿರುಗಿಸುವ ಗಂಡಸು ಇನ್ನೊಬ್ಬನಿಲ್ಲ. ಇದು ಜಂಬದ ಮಾತಲ್ಲ, ಹೊಟ್ಟೆಪಾಡಿನ ಮಾತು. ನಲವತ್ತು ವರ್ಷ ನಾನು ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕಿದೆ. ಕಲಾಯಿಗೆ ಮೊದಲು ಪಾತ್ರೆಯನ್ನು ಉಜ್ಜಬೇಕು. ಮದುವೆಮನೆಯ ಹಂಡೆಗಳು ಕೈಗೆ ಬಗ್ಗುವುದಿಲ್ಲ. ಒಳಗೆ ಮರಳು ಸುರಿದು, ಗೋಣಿಯ ತುಂಡು ಹಾಸಿ, ಬರಿಗಾಲಲ್ಲಿ ಇಳಿದು, ಗೋಡೆಗೆ ಹೊಡೆದ ಕಬ್ಬಿಣದ ಬಳೆಯನ್ನು ಎರಡು ಕೈಯಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ತಿರುಗುತ್ತಲೇ ಇರಬೇಕು. ನಮ್ಮಪ್ಪ ಹೀಗೆ ತಿರುಗಿದ, ಅವರಪ್ಪ ಹೀಗೆ ತಿರುಗಿದ. ದಾರಿಹೋಕರು ನಿಂತು ನಗುತ್ತಿದ್ದರು. ನಾನು ಅದನ್ನು ಮೆಚ್ಚುಗೆ ಎಂದುಕೊಂಡಿದ್ದೆ.

ಆಮೇಲೆ ಅಲ್ಯೂಮಿನಿಯಂ ಬಂತು. ಅದರ ಹಿಂದೆಯೇ ಏನೂ ಅಂಟದ ಕಪ್ಪು ಬಾಣಲೆ ಬಂತು. ‘ಇದೆಲ್ಲ ಎರಡು ವರ್ಷದ ಶೋಕಿ’ ಎಂದು ಅಂಗಡಿಯ ಮುಂದೆ ಕೂತು ಎಲ್ಲರಿಗೂ ಹೇಳಿದೆ. ಹಾಗೆ ಹೇಳುತ್ತಲೇ ಇಪ್ಪತ್ತೆರಡು ವರ್ಷ ಕಳೆದವು. ನಾನು ಕೊನೆಯದಾಗಿ ಕಲಾಯಿ ಹಾಕಿದ ಹಂಡೆ ಅಲೆಕ್ಸಾಂಡ್ರಿಯಾದ ಒಂದು ಹೋಟೆಲಿನದು. ಮೂರು ದಿನ ಬೆವರು ಸುರಿಸಿ ಬೆಳ್ಳಗೆ ಹೊಳೆಯುವಂತೆ ಮಾಡಿ ಕಳಿಸಿದೆ. ಅವರು ಫೋನು ಮಾಡಿ, ಅದನ್ನು ಗೋಡೆಗೆ ನೇತು ಹಾಕುವುದಕ್ಕೆ ತಂದದ್ದು, ಹೊಸದರಂತೆ ಕಾಣುತ್ತಿದೆ, ಮತ್ತೆ ಕಪ್ಪು ಮಾಡಿಕೊಡಲು ಆಗುತ್ತದೆಯೇ ಎಂದು ಕೇಳಿದರು. ಅಂದೇ ಅಂಗಡಿಯ ಬಾಗಿಲು ಹಾಕಿದೆ.

ಆರು ತಿಂಗಳು ಮನೆಯಲ್ಲಿ ಕೂತೆ. ಕೂತೆ ಎನ್ನುವುದಕ್ಕಿಂತ ಹೆಂಡತಿಯ ಅಡುಗೆಮನೆಯಲ್ಲಿ ಮೂಗು ತೂರಿಸಿದೆ ಎನ್ನಬೇಕು. ಅವಳ ಪಾತ್ರೆಗಳನ್ನೆಲ್ಲ ತಿರುವಿ ನೋಡಿ, ತಳ ಸರಿಯಾಗಿ ಉಜ್ಜಿಲ್ಲ ಎಂದು ತಪ್ಪು ಹಿಡಿಯುತ್ತಿದ್ದೆ. ಒಂದು ದಿನ ಮಗಳು ಸಬಾಹ್ ಬಂದಾಗ ಅವಳ ಮುಂದೆ ಹೆಂಡತಿ ಕಣ್ಣೀರು ಹಾಕಿದಳು. ಮರುದಿನವೇ ಅಳಿಯ ರಜಬ್ ಬಾಗಿಲಲ್ಲಿ ನಿಂತಿದ್ದ.

“ಮಾವ, ಗ್ಯಾರೇಜಲ್ಲಿ ತುಕ್ಕು ಉಜ್ಜೋಕೆ ಯಾರೂ ಸಿಕ್ತಿಲ್ಲ. ನಿಮಗೆ ಬೇಜಾರಾಗ್ದಿದ್ರೆ ಬನ್ನಿ,” ಎಂದ.

ಯಾರೂ ಸಿಕ್ಕುತ್ತಿಲ್ಲ ಎನ್ನುವುದು ಸುಳ್ಳೆಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆಯೆಂದು ಅವನಿಗೂ ಗೊತ್ತಿತ್ತು. ಹೀಗೆ ಅರವತ್ತಮೂರನೆಯ ವಯಸ್ಸಿನಲ್ಲಿ ನಾನು, ಉಸ್ತಾ ಬಸ್ಯೂನಿ, ಊರಿನ ಹಂಡೆಗಳ ದೊರೆ, ಪಿಕಪ್ ಗಾಡಿಗಳ ಹೊಟ್ಟೆಯಡಿಯ ಕಬ್ಬಿಣ ಉಜ್ಜಲು ಹೋದೆ. ಉಸ್ತಾ ಎಂದರೆ ಕಸುಬಿನಲ್ಲಿ ಪಳಗಿದ ಯಜಮಾನ. ಗ್ಯಾರೇಜಿನಲ್ಲಿ ರಜಬನೇ ಉಸ್ತಾ, ಬೆಸುಗೆ ಹಾಕುವವನೂ ಉಸ್ತಾ, ಟೈರಿಗೆ ಗಾಳಿ ಹೊಡೆಯುವವನೂ ಉಸ್ತಾ. ನಾನೊಬ್ಬ ಮಾತ್ರ ‘ಮಾವ’. ಆ ಒಂದು ಶಬ್ದ ಅಳಿಯನ ಬಾಯಿಂದ ನನಗೂ ಬರಬೇಕೆಂಬ ಆಸೆ ನನ್ನನ್ನು ಹಗಲೆಲ್ಲ ಕೊರೆಯುತ್ತಿತ್ತು. ನಾನು ಅಲ್ಲಿ ದುಡಿಯುವವನೋ, ಇಲ್ಲ ಮಗಳ ಮುಖ ನೋಡಿ ಮೂಲೆಯಲ್ಲಿ ಕೂರಿಸಿಕೊಂಡ ಮುದುಕನೋ ಎನ್ನುವುದು ಆ ಶಬ್ದದಿಂದಲೇ ತೀರ್ಮಾನವಾಗುತ್ತದೆಂದು ನಂಬಿದ್ದೆ.

ರಜಬನ ಗ್ಯಾರೇಜಿನಲ್ಲಿ ಗಾಡಿಯ ಕೆಳಭಾಗದ ಕೆಲಸ ಮಾತ್ರ. ಗಿರಾಕಿಗಳೆಲ್ಲ ಮೀನು ಸಾಗಿಸುವವರು. ಪೆಟ್ಟಿಗೆಗಳಿಂದ ಉಪ್ಪುನೀರು ಹಗಲೂ ರಾತ್ರಿ ಸೋರಿ ಆಕ್ಸಲ್ ಮೇಲೆ ಬೀಳುತ್ತದೆ. ತುಕ್ಕು ಹಪ್ಪಳದ ಹಾಗೆ ಪದರಪದರವಾಗಿ ಏಳುತ್ತದೆ. ಬೀದಿಯ ಜನಕ್ಕೆ ಗಾಡಿಯಡಿಯದ್ದೆಲ್ಲ ಆಕ್ಸಲ್ಲೇ, ಆದರೆ ಚಕ್ರವನ್ನು ಚಾಸಿಗೆ ಹಿಡಿದಿಡುವ ಕಬ್ಬಿಣದ ತೋಳಿಗೆ ನಮ್ಮ ಗ್ಯಾರೇಜುಗಳಲ್ಲಿ ಕತ್ತರಿ ಎಂದು ಹೆಸರು. ಅದು ಏನನ್ನೂ ಕತ್ತರಿಸಿದ್ದನ್ನು ನಾನು ಕಂಡಿಲ್ಲ. ಕತ್ತರಿಯ ತುದಿಗಳಲ್ಲಿ ಉಂಗುರದಂಥ ಕಣ್ಣುಗಳಿರುತ್ತವೆ. ಆ ಕಣ್ಣಿನೊಳಗೆ ರಬ್ಬರಿನ ಬುಷ್ ಬಿಗಿಯಾಗಿ ಕೂರಬೇಕು. ಒಳಗೆ ಚೂರು ತುಕ್ಕು ಉಳಿದರೂ ಹೊಸ ಬುಷ್ ಸೊಟ್ಟಗೆ ಕೂತು ಆರೇ ತಿಂಗಳಲ್ಲಿ ಸವೆದುಹೋಗುತ್ತದೆ. ಇದನ್ನೆಲ್ಲ ರಜಬ್ ನನಗೆ ಮೂರು ಸಲ ಹೇಳಿಕೊಟ್ಟ. ಮೂರು ಸಲವೂ ನಾನು ಮೊದಲೇ ಗೊತ್ತಿದ್ದವನಂತೆ ತಲೆಯಾಡಿಸಿದೆ.

ಉಳಿದ ಗ್ಯಾರೇಜಿನವರು ತಂತಿ ಬ್ರಷ್ಷಿನಲ್ಲಿ ಕೆರೆದು ಕೈತೊಳೆದುಕೊಳ್ಳುತ್ತಾರೆ. ನಾನು ಅರ್ಧ ಕತ್ತರಿಸಿದ ಡ್ರಮ್ಮಿನಲ್ಲಿ ಮರಳು, ಸಣ್ಣ ಜಲ್ಲಿ ಹಾಕಿ, ಸೀಮೆಎಣ್ಣೆ ಚಿಮುಕಿಸಿ, ಕತ್ತರಿಯನ್ನು ಹುಗಿದು, ಮೇಲೆ ಗೋಣಿ ಹಾಸಿ ಇಳಿದುಬಿಟ್ಟೆ. ಸೊಂಟಕ್ಕೆ ಹಳೆಯ ನೆನಪು ಬಂತು. ಎದುರಿನ ಕಾಫಿ ಅಂಗಡಿಯಲ್ಲಿ ಹುಕ್ಕಾ ಎಳೆಯುತ್ತಿದ್ದವರು ಕುರ್ಚಿಗಳನ್ನು ನಮ್ಮ ಕಡೆ ತಿರುಗಿಸಿಕೊಂಡರು.

“ಬಸ್ಯೂನಿ ಚಿಕ್ಕಪ್ಪ, ಮದುವೆಗೆ ಕುಣಿಯೋಕೆ ಬರ್ತೀಯಾ, ಇಲ್ಲ ಆಕ್ಸಲ್‌ಗೆ ಮಾತ್ರಾನಾ?” ಎಂದೊಬ್ಬ ಕೂಗಿದ.

“ಆಕ್ಸಲ್ ಚಪ್ಪಾಳೆ ತಟ್ಟಲ್ಲ, ಅದಕ್ಕೇ ಅದರ ಮುಂದೆ ಕುಣಿಯೋದು,” ಎಂದೆ. ಕೆಲಸ ಮಾತ್ರ ಅಚ್ಚುಕಟ್ಟಾಗಿತ್ತು. ತುಕ್ಕೆಲ್ಲ ಹೋಗಿ ಬೂದುಬಣ್ಣದ ಕಬ್ಬಿಣ ಕಣ್ಣು ಬಿಡುತ್ತಿತ್ತು. ರಜಬ್ ಬೆರಳಾಡಿಸಿ ನೋಡಿ, “ಚೆನ್ನಾಗಿದೆ, ಮಾವ,” ಎನ್ನುತ್ತಿದ್ದ. ಮತ್ತೆ ಮಾವ.

ಹೀಗಿರುವಾಗ ಒಂದು ಶನಿವಾರ ಶಲಬಿ ತನ್ನ ಪಿಕಪ್ ತಂದು ನಿಲ್ಲಿಸಿದ. ಶಲಬಿ ಮೀನು ಸಾಗಿಸುವವನು, ಆದರೆ ಊರಿನವರಿಗೆ ಅವನು ಗೊತ್ತಿರುವುದು ಬೇರೆ ಕಾರಣಕ್ಕೆ. ಯಾರ ಮನೆಯ ಹುಡುಗಿಗೆ ಮದುವೆಯಾದರೂ ಅವಳ ಮಂಚ, ಹಾಸಿಗೆ, ಪಾತ್ರೆಪಡಗಗಳನ್ನು ಗಂಡನ ಮನೆಗೆ ಮೆರವಣಿಗೆಯಲ್ಲಿ ಒಯ್ಯುವಾಗ ಮುಂದಿನ ಗಾಡಿ ಅವನದೇ. ಹಿಂದಿನ ದಿನವೇ ಗಾಡಿಯನ್ನು ಸಾಬೂನು ಹಚ್ಚಿ, ನಿಂಬೆಹಣ್ಣು ತಿಕ್ಕಿ ತೊಳೆದಿರುತ್ತಿದ್ದ, ಮೀನಿನ ವಾಸನೆ ಹೋಗಲೆಂದು. ವಾಸನೆ ಹೋಗುತ್ತಿರಲಿಲ್ಲ. ಯಾರೂ ಹೇಳುತ್ತಿರಲಿಲ್ಲ.

“ಉಸ್ತಾ ರಜಬ್, ಮುಂದಿನ ಚಕ್ರ ಗಡಗಡ ಅಂತಿದೆ,” ಎಂದ ಶಲಬಿ. “ಬುಷ್ ಎಲ್ಲ ಹೊಸದು ಹಾಕಿಬಿಡು. ಗುರುವಾರ ಮಧ್ಯಾಹ್ನದ ನಮಾಜು ಮುಗಿಯೋ ಹೊತ್ತಿಗೆ ಗಾಡಿ ಬೇಕು. ನಜ್ವಾ ಸಾಮಾನು ಹೊರಡ್ತದೆ.”

“ಮಗಳದೇ?” ಎಂದೆ ನಾನು.

“ನನ್ ಮಗಳದೇ. ಮೂವತ್ತು ಹುಡ್ಗೀರ ಸಾಮಾನು ಹೊತ್ತಿದೀನಿ ಇದ್ರಲ್ಲಿ. ಅವಳು ಇಷ್ಟುದ್ದ ಇದ್ದಾಗಿಂದ ಕೇಳ್ತಿದ್ಲು, ಅಪ್ಪಾ ನನ್ ಸರದಿ ಯಾವಾಗ ಅಂತ. ಮುಂದಿನ ಸೀಟಲ್ಲಿ ನಮ್ಮಮ್ಮನ್ನ ಕೂರಿಸ್ಕೋತೀನಿ. ಎಂಬತ್ತೆರಡು ಆಯ್ತು ಅವಳಿಗೆ, ಮೊಮ್ಮಗಳ ಮೆರವಣಿಗೇಲಿ ನಾನೇ ಮುಂದೆ ಇರ್ಬೇಕು ಅಂತಾಳೆ.”

ಸೋಮವಾರ ಬೆಳಿಗ್ಗೆ ಎರಡೂ ಕತ್ತರಿಗಳು ನನ್ನ ಡ್ರಮ್ಮಿಗೆ ಬಂದವು. ರಜಬ್ ಬುಷ್ ತರಲು ದಮನ್ಹೂರ್ ಪಟ್ಟಣಕ್ಕೆ ಹೋಗಿದ್ದ. ನಾನು ಒಬ್ಬನೇ. ಮದುವೆಯ ಕೆಲಸ ಎಂದು ಎಂದಿಗಿಂತ ಹೆಚ್ಚು ತಿರುಗಿದೆ. ಕಣ್ಣುಗಳ ಒಳಗನ್ನು ಕೋಲಿಗೆ ಸುತ್ತಿದ ಉಪ್ಪುಕಾಗದದಿಂದ ಉಜ್ಜಿದೆ. ಮಧ್ಯಾಹ್ನದ ಹೊತ್ತಿಗೆ ಎರಡೂ ತಮ್ಮ ಹುಟ್ಟಿದ ದಿನದಷ್ಟು ಚೊಕ್ಕಟವಾಗಿದ್ದವು. ಅಲ್ಲಿಗೆ ನಿಲ್ಲಿಸಬೇಕಿತ್ತು.

ಆದರೆ ನಲವತ್ತು ವರ್ಷ ಉಜ್ಜಿದ ಕೈಗೆ ಉಜ್ಜಿ ಬಿಡುವುದು ಗೊತ್ತಿಲ್ಲ. ಉಜ್ಜಿದ ಮೇಲೆ ಬೆಂಕಿ, ಬೆಂಕಿಯ ಮೇಲೆ ತವರ ಹಿಡಿಸುವ ನವಸಾಗರದ ಪುಡಿ, ನವಸಾಗರದ ಹೊಗೆ ಏಳುತ್ತಲೇ ತವರ, ತವರ ಕರಗುತ್ತಲೇ ಸವರುವ ಹತ್ತಿ. ಬೆತ್ತಲೆ ಲೋಹವನ್ನು ಹಾಗೇ ಇಟ್ಟು ಊಟಕ್ಕೆ ಹೋಗುವುದು ನನ್ನ ಮಟ್ಟಿಗೆ ಮಗುವನ್ನು ಸ್ನಾನ ಮಾಡಿಸಿ ಬಟ್ಟೆ ತೊಡಿಸದೆ ಬೀದಿಗೆ ಬಿಟ್ಟ ಹಾಗೆ. ಮತ್ತೆ ತುಕ್ಕು ಹಿಡಿಯುತ್ತದಲ್ಲ, ಕಲಾಯಿ ಹಾಕಿದರೆ ಉಪ್ಪುನೀರು ಏನೂ ಮಾಡಲಾರದು ಎಂದು ನನಗೆ ನಾನೇ ವಕಾಲತ್ತು ಮಾಡಿಕೊಂಡೆ. ಮನೆಗೆ ಹೋಗಿ ಮಂಚದ ಕೆಳಗಿನಿಂದ ತಿದಿ, ತವರದ ಕಡ್ಡಿ ತಂದೆ. ಬೆಸುಗೆಯವನು “ಏನಿದು ಮಾವಾ?” ಎಂದು ಕೇಳಿದ್ದಕ್ಕೆ, “ನೋಡ್ತಾ ಇರು,” ಎಂದೆ. ಮೀಸೆ ಇದ್ದಿದ್ದರೆ ತಿರುವುತ್ತಿದ್ದೆ.

ಮೊದಲನೆಯದು ಕನ್ನಡಿಯಷ್ಟು ನುಣುಪಾಗಿ ಬಂತು. ಎರಡನೆಯದರಲ್ಲಿ, ಒಂದು ಕಣ್ಣಿನ ಕುತ್ತಿಗೆಯ ಬಳಿ, ಕೂದಲೆಳೆಯಷ್ಟು ಜಾಗದಲ್ಲಿ ತವರ ಹಿಡಿಯಲಿಲ್ಲ. ಸುತ್ತ ಎಲ್ಲ ಬೆಳ್ಳಗೆ, ನಡುವೆ ಒಂದು ಕಪ್ಪು ಗೆರೆ. ಕಲಾಯಿಯವನಿಗೆ ಆ ಗೆರೆ ಚೆನ್ನಾಗಿ ಗೊತ್ತು. ತವರ ಹಿಡಿಯದ ಕಡೆ ಒಂದೋ ಕೊಳೆ ಇರುತ್ತದೆ, ಇಲ್ಲವೆ ಬಿರುಕು. ಕೊಳೆಯಾದರೆ ಉಜ್ಜಿದಾಗ ಹೋಗುತ್ತದೆ. ಅದು ಹೋಗಲಿಲ್ಲ.

ಆಗ ನಾನೇನು ಮಾಡಿದೆ? ಹಂಡೆಗಳಿಗೆ ಏನು ಮಾಡುತ್ತಿದ್ದೆನೋ ಅದನ್ನೇ. ಮೊಳೆಯ ತುದಿಯಿಂದ ಗೆರೆಯನ್ನು ಕೆದಕಿ, ನವಸಾಗರ ತುಂಬಿ, ಕಾಯಿಸಿ, ತವರ ಕುಡಿಸಿದೆ. ಅದು ಗಟಗಟ ಕುಡಿಯಿತು. ಮೇಲೆ ಹತ್ತಿಯಿಂದ ಒಂದು ಸಲ ಸವರಿದೆ. ಬಿರುಕಿತ್ತು ಎಂದು ಅದರ ಹೆತ್ತತಾಯಿಗೂ ಗೊತ್ತಾಗುತ್ತಿರಲಿಲ್ಲ. ಹಂಡೆಯಲ್ಲಿ ಹೀಗೆ ಮುಚ್ಚಿದ ಬಿರುಕು ಹತ್ತು ವರ್ಷ ಬಾಳುತ್ತದೆ. ಆಕ್ಸಲಿನಿಂದ ಸಾರು ಸೋರುವುದಿಲ್ಲ ಎನ್ನುವ ಧೈರ್ಯದಲ್ಲಿ ನಾನು ಕೈ ತೊಳೆದು, ರೊಟ್ಟಿ ಮುರಿದು, ಫೂಲ್ ಕಾಳಿನ ಗೊಜ್ಜಿನಲ್ಲಿ ಅದ್ದಿಕೊಂಡು ತಿಂದೆ. ನಿಜ ಹೇಳುತ್ತೇನೆ: ಗೆರೆ ಕಂಡಾಗ ನನಗೆ ಶಲಬಿಯ ತಾಯಿಯ ನೆನಪು ಬರಲಿಲ್ಲ. ನನ್ನ ಕಲಾಯಿ ಕೆಡುತ್ತದಲ್ಲ ಎಂದು ಮಾತ್ರ ಸಂಕಟವಾಯಿತು.

ಬುಧವಾರ ಬೆಳಿಗ್ಗೆ ರಜಬ್ ಬುಷ್ ಕೂರಿಸಲು ಕತ್ತರಿ ಎತ್ತಿಕೊಂಡ. ಸ್ವಲ್ಪ ಹೊತ್ತು ಅದನ್ನೇ ನೋಡಿದ. ಅದು ಅವನ ಮುಖಕ್ಕೇ ಮಿಂಚಿತು.

“ಮಾವ, ಇದೇನಿದು?”

“ಕಲಾಯಿ.”

“ಅದು ಕಾಣ್ತಿದೆ. ಕಣ್ಣಿನೊಳಗೂ ಹಾಕಿದೀರಾ?”

“ಒಳಗೆ ಹಾಕ್ದೇ ಇರ್ತಾರಾ? ಪಾತ್ರೆಗೆ ಒಳಗೇ ತಾನೇ ಮುಖ್ಯ?”

ಅವನು ಬುಷ್ಷಿಗೆ ಸಾಬೂನಿನ ನೀರು ಹಚ್ಚಿ ಪ್ರೆಸ್ಸಿನಡಿ ಇಟ್ಟ. ಬುಷ್ ಕಾಲುಭಾಗ ಇಳಿದು ನಿಂತಿತು. ಅದರ ಅಂಚಿನಲ್ಲಿ ತವರ ಸುರುಳಿಸುರುಳಿಯಾಗಿ ಎದ್ದು ಬಂತು. ಬೆಸುಗೆಯವನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡ.

“ಬುಷ್ ಕಬ್ಬಿಣವನ್ನ ಕಚ್ಕೋಬೇಕು ಮಾವ. ತವರ ಮೆತ್ತಗೆ. ಇವತ್ತು ಕೂರತ್ತೆ, ನಾಳೆ ಒಳಗೇ ತಿರುಗೋಕೆ ಶುರು ಮಾಡತ್ತೆ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ಸಿಟ್ಟು ಬರುವುದು ಕೆಲಸಗಾರರ ಮೇಲೆ.

“ಒಂದು ಗಂಟೆ ಕೊಡು,” ಎಂದೆ. ಹಾಕಲು ಬಲ್ಲವನಿಗೆ ತೆಗೆಯಲೂ ಬರುತ್ತದೆ. ಇಂಗು ತಿಂದ ಮಂಗನ ಮುಖ ಹೊತ್ತುಕೊಂಡೇ ನಾಲ್ಕೂ ಕಣ್ಣುಗಳ ಒಳಗನ್ನು ಮಾತ್ರ ಕಾಯಿಸಿ, ಕರಗಿದ ತವರವನ್ನು ಬಟ್ಟೆಯಿಂದ ಒರೆಸಿ, ಉಪ್ಪುಕಾಗದದಲ್ಲಿ ಒಂದು ಸುತ್ತು ತಿರುಗಿಸಿ ಕೊಟ್ಟೆ. ಈಗ ಬುಷ್ಷುಗಳು ಒಂದೊಂದಾಗಿ ಬಿಗಿಯಾಗಿ ಹೋಗಿ ಕೂತವು. ಸೊಟ್ಟ ಇಲ್ಲ, ಸಂದು ಇಲ್ಲ. ರಜಬ್ ಪ್ರತಿ ಬುಷ್ಷನ್ನೂ ಹೆಬ್ಬೆರಳಿಂದ ಒತ್ತಿ ನೋಡಿದ.

“ಇಷ್ಟು ಚೊಕ್ಕ ಕಣ್ಣು ನಾನು ನೋಡಿರ್ಲಿಲ್ಲ,” ಎಂದ. “ಹೊಸ ಕತ್ತರೀಲೂ ಬುಷ್ ಹೀಗೆ ಕೂರಲ್ಲ. ಉಸ್ತಾ, ಆ ಬೋಲ್ಟ್ ಡಬ್ಬಿ ಇತ್ತ ಕೊಡಿ.”

ಉಸ್ತಾ ಎಂದ. ತಾನೇನು ಹೇಳಿದೆನೆಂದು ಅವನಿಗೆ ಗೊತ್ತೇ ಇರಲಿಲ್ಲ. ನಾನು ಡಬ್ಬಿ ಹಿಡಿದು ನಿಂತೇಬಿಟ್ಟೆ. ಹನ್ನೊಂದು ತಿಂಗಳು ಕಾದಿದ್ದ ಶಬ್ದ. ಆ ಹೊತ್ತಿಗೇ ಶಲಬಿ ಒಳಗೆ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಹೂವಿನ ಹಾರಗಳು. ನನ್ನ ತಲೆಗೆ ಮುತ್ತು ಕೊಟ್ಟು, “ಗಾಡಿ ಕಾಲಿಗೆ ಬೆಳ್ಳಿ ಕಡಗ ಹಾಕಿದೀಯ ಬಸ್ಯೂನಿ, ನನ್ ಮಗಳಿಗೂ ನಾನು ಅಷ್ಟು ಹಾಕಿಲ್ಲ,” ಎಂದು ನಕ್ಕ. ನಗುತ್ತಲೇ ಗಾಡಿಯ ಮುಂಭಾಗಕ್ಕೆ ಹಾರ ಕಟ್ಟತೊಡಗಿದ. ರಜಬ್ ಗಾಡಿಯಡಿ ಮಲಗಿ ಮೊದಲನೆಯ ಕತ್ತರಿಯನ್ನು ಬಿಗಿಯುತ್ತಿದ್ದ. ಎರಡನೆಯದು, ಗೆರೆಯದು, ನನ್ನ ಕಾಲ ಬಳಿ ಬಿದ್ದಿತ್ತು.

ಈಗ ಬಂದಳು ಶಲಬಿಯ ತಾಯಿ ನನ್ನ ನೆನಪಿಗೆ. ಮುಂದಿನ ಸೀಟು. ಮುಂದಿನ ಚಕ್ರ. ಆ ಕುತ್ತಿಗೆ ಮುರಿದರೆ ಕಳಚುವುದು ಆ ಚಕ್ರವೇ. ಹಾಗಿದ್ದೂ ಬಾಯಿ ಬಿಡಲಿಲ್ಲ. ಮೊದಲು ಸುತ್ತಿಬಳಸಿ ನೋಡಿದೆ.

“ರಜಬ್, ನಮ್ಮ ಕಾಲದಲ್ಲಿ ಒಂಟೆ ಮೇಲೆ ಸಾಮಾನು ಕಳ್ಸೋರು. ಎಷ್ಟು ಚೆಂದ ಇತ್ತು.”

“ಹದಿನೇಳರ ಸ್ಪ್ಯಾನರ್ ಕೊಡಿ, ಉಸ್ತಾ.”

“ಕುದುರೆಗಾಡೀನೂ ಕೆಟ್ಟದ್ದೇನಲ್ಲ. ನಿಧಾನಕ್ಕೆ ಹೋಗತ್ತೆ. ಜನ ನೋಡೋಕೂ ಅನುಕೂಲ.”

“ಹದಿನೇಳು ಕೇಳಿದ್ದು. ಇದು ಹತ್ತೊಂಬತ್ತು.”

ಕಾಲಿಗೆ ಬುದ್ಧಿ ಹೇಳೋಣವೆನಿಸಿತು. ಹೊಟ್ಟೆನೋವೆಂದು ಮನೆಗೆ ಹೋದರೆ? ಆ ಗೆರೆ ಬಹುಶಃ ಮೇಲುಮೇಲಿನದು. ಬಹುಶಃ ಹತ್ತು ವರ್ಷ ಬಾಳುತ್ತದೆ. ಬಹುಶಃ ದಾರಿಯಲ್ಲಿ ಗುಂಡಿಗಳೇ ಇಲ್ಲ. ನಮ್ಮ ರಶೀದಿನ ದಾರಿಯಲ್ಲಿ ಗುಂಡಿಗಳಿಲ್ಲ ಎನ್ನುವವರೆಗೂ ನನ್ನ ಯೋಚನೆ ಹೋದಾಗ, ಇನ್ನು ಇದಕ್ಕಿಂತ ದೊಡ್ಡ ಸುಳ್ಳು ನನಗೆ ಹೊಳೆಯುವುದಿಲ್ಲ ಎಂದು ಗೊತ್ತಾಯಿತು.

“ರಜಬ್, ಹೊರಗೆ ಬಾ. ಈ ಕತ್ತರಿ ಹಾಕ್ಬೇಡ. ಇದು ಸೀಳಿದೆ.”

ಅವನು ಹೊರಬಂದು, ಕತ್ತರಿಯನ್ನು ಹೊರಳಿಸಿ ನೋಡಿ, “ಎಲ್ಲಿ? ಎಲ್ಲೂ ಇಲ್ವಲ್ಲ,” ಎಂದ. ನನ್ನ ಕೆಲಸ ಅಷ್ಟು ಚೆನ್ನಾಗಿತ್ತು. ನಾನು ಬೆರಳಿಟ್ಟು ತೋರಿಸಿದೆ. ಅವನು ಬೆಸುಗೆಯ ಗ್ಯಾಸ್ ಜ್ವಾಲೆ ಹೊತ್ತಿಸಿ ಅಲ್ಲಿಗೆ ಹಿಡಿದ. ತವರ ಬೆವರಿನಂತೆ ಹನಿಹನಿಯಾಗಿ ಇಳಿಯಿತು. ಕಪ್ಪು ಗೆರೆ ಕಾಣಿಸಿಕೊಂಡಿತು. ಆಗ ಅದು ಕೂದಲೆಳೆ ಎನಿಸಿತ್ತು, ಈಗ ಕುತ್ತಿಗೆಯನ್ನು ಅರ್ಧ ಸುತ್ತಿತ್ತು. ರಜಬ್ ಕತ್ತರಿಯನ್ನು ಕಲ್ಲಿನ ಅಂಚಿಗೆ ಇಟ್ಟು ಸುತ್ತಿಗೆಯಿಂದ ಹೊಡೆದ. ಎರಡನೆಯ ಏಟಿಗೆ ಕಣ್ಣು ಕಳಚಿ ಉರುಳಿ ಹೋಗಿ ಶಲಬಿಯ ಚಪ್ಪಲಿಗೆ ತಾಗಿ ನಿಂತಿತು.

ಕಾಫಿ ಅಂಗಡಿಯ ರೇಡಿಯೋ ಹಾಡುತ್ತಿತ್ತು.

“ಯಾವಾಗ ನೋಡಿದ್ರಿ ಇದನ್ನ?” ಎಂದು ರಜಬ್ ಕೇಳಿದ.

‘ಈಗ ತಾನೇ’ ಎನ್ನುವ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಹಾಗೆಂದಿದ್ದರೆ ನಾನು ಒಂದು ಜೀವ ಉಳಿಸಿದ ಉಸ್ತಾ ಆಗುತ್ತಿದ್ದೆ. ಇಡೀ ಬೀದಿ ಅದನ್ನೇ ಹೇಳಿಕೊಂಡು ತಿರುಗುತ್ತಿತ್ತು. ಶಲಬಿ ನನ್ನನ್ನೇ ನೋಡುತ್ತಿದ್ದ.

“ಸೋಮವಾರ,” ಎಂದೆ. “ಕಂಡಿತ್ತು. ಮುಚ್ಚಿದೆ.”

“ಯಾಕೆ?”

“ಕಲಾಯಿ ಚೆನ್ನಾಗಿ ಕಾಣ್ಲಿ ಅಂತ.”

ರಜಬ್ ಕೈಯೊರೆಸುವ ಬಟ್ಟೆಯನ್ನು ನೆಲಕ್ಕೆ ಒಗೆದ. “ಸೋಮವಾರ ಒಂದು ಮಾತು ಹೇಳಿದ್ರೆ, ಅಲೆಕ್ಸಾಂಡ್ರಿಯಾ ಗುಜರಿಯಲ್ಲೆಲ್ಲ ಹುಡುಕಿ ಇದೇ ಕತ್ತರಿ ತರ್ತಿದ್ದೆ ನಾನು. ಎರಡು ದಿನ ಇತ್ತು. ಈಗ ನಾಳೆ ಮಧ್ಯಾಹ್ನಕ್ಕೆ ಎಲ್ಲಿಂದ ತರ್ಲಿ? ಬುದ್ಧಿ ಎಲ್ಲಿಟ್ಟಿದ್ರಿ ನೀವು?” ಮೊದಲ ಸಲ ಅವನು ನನ್ನ ಮೇಲೆ ಸಿಟ್ಟಾದ. ಬೆಸುಗೆಯವನ ಮೇಲೆ ಹೇಗೆ ಸಿಟ್ಟಾಗುತ್ತಾನೋ ಹಾಗೆಯೇ. ನನಗೆ ಬೇಕಾಗಿದ್ದದ್ದು ಹೀಗೂ ಸಿಗುತ್ತದೆಂದು ತಿಳಿದಿರಲಿಲ್ಲ.

ಶಲಬಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಟೈರಿನ ಮೇಲೆ ಸ್ವಲ್ಪ ಹೊತ್ತು ಕೂತ. ಆಮೇಲೆ ಎದ್ದು, ಕಟ್ಟಿದ್ದ ಹಾರಗಳನ್ನು ಒಂದೊಂದಾಗಿ ಬಿಚ್ಚಿ ಕೈಗೆ ಸುತ್ತಿಕೊಂಡು, ಯಾರ ಮುಖವನ್ನೂ ನೋಡದೆ ಹೊರಟುಹೋದ.

ಗುರುವಾರ ನಾನು ಮುಸುಕು ಹಾಕಿ ಮಲಗಿದೆ. ಹೆಂಡತಿ ಬಂದು ಮುಸುಕು ಎಳೆದಳು.

“ಇಡೀ ಊರು ಸಾಮಾನು ಹೊರೋಕೆ ಹೋಗಿದೆ. ಗಾಡಿ ಇಲ್ದಂಗೆ ಮಾಡಿದ ಮಹಾರಾಯ ನೀವು ಮಾತ್ರ ಇಲ್ಲಿ ಮಲಗಿದೀರಿ. ಎದ್ದೇಳಿ.”

“ಯಾವ ಮುಖ ಇಟ್ಕೊಂಡು ಹೋಗ್ಲಿ?”

“ಇರೋದೇ ಒಂದು. ಅದನ್ನೇ ಇಟ್ಕೊಂಡು ಹೋಗಿ.”

ಶಲಬಿಯ ಮನೆಯ ಮುಂದೆ ಯಾರದೋ ಒಂದು ಪಿಕಪ್, ಅದರ ಹಿಂದೆ ಮೂರು ಕುದುರೆಗಾಡಿಗಳು. ಹೆಂಗಸರು ನಾಲಿಗೆ ಹೊರಳಿಸಿ ಜುಗ್ರೂತ ಎಂಬ ಮದುವೆಯ ಕೇಕೆ ಹಾಕುತ್ತಿದ್ದರು. ಮೊದಲ ಗಾಡಿಯಲ್ಲಿ ನಜ್ವಾಳ ಅಜ್ಜಿ ಯಾರೋ ಡ್ರೈವರನ ಪಕ್ಕ ಕೂತಿದ್ದಳು. ನಾನು ಗುಂಪಿನ ಹಿಂದೆ ಅಡಗಿ ನಿಂತದ್ದು ಶಲಬಿಯ ಅಕ್ಕನ ಕಣ್ಣಿಗೆ ಬಿತ್ತು.

“ಬಸ್ಯೂನಿ, ಬಾ ಇಲ್ಲಿ. ಸುಮ್ನೆ ನಿಂತಿರೋನು ನೀನೊಬ್ನೇ. ಕೊನೇ ಗಾಡಿ ಹತ್ತು. ಈ ಕನ್ನಡಿ ಹಿಡ್ಕೊ. ಗಾಜು ನಿನ್ನ ಕಡೆ ಇರ್ಲಿ, ಹೊರಗಡೆ ತಿರುಗಿಸ್ಬೇಡ, ಯಾರಾದ್ರೂ ತಗುಲಿಸಿಬಿಡ್ತಾರೆ. ಇದು ಒಡೆದ್ರೆ ನಾನು ನಿನ್ನನ್ನ ಒಡೀತೀನಿ.”

ಆಳೆತ್ತರದ ಕನ್ನಡಿ. ಎರಡೂ ಕೈಯಿಂದ ತಬ್ಬಿಕೊಂಡು ಗಾಡಿಯಲ್ಲಿ ನಿಂತೆ. ಗಂಡಿನ ಹಳ್ಳಿ ಸೇರಲು ಒಂದು ಗಂಟೆಯ ದಾರಿ. ಮೂಗಿನಿಂದ ಒಂದು ಗೇಣು ದೂರದಲ್ಲಿ ನನ್ನದೇ ಮುಖ. ಎತ್ತ ತಿರುಗಲೂ ಆಗದು. ಸುಕ್ಕು, ಮಸಿ, ಹಲ್ಲಿಲ್ಲದ ದವಡೆ, ಎಲ್ಲವೂ ಗಾಡಿಯ ಜೊತೆ ಕುಲುಕಾಡುತ್ತಿದ್ದವು. ಬೀದಿಯ ಜನ ಕೈಬೀಸಿದ್ದು ಕನ್ನಡಿಗೋ ನನಗೋ ತಿಳಿಯಲಿಲ್ಲ.

ಊರು ದಾಟುವಾಗ, ಕನ್ನಡಿಯಲ್ಲಿ ನನ್ನ ಹೆಗಲಾಚೆ ಶಲಬಿ ಕಾಣಿಸಿದ. ಕೊನೆಯ ಗಾಡಿಯ ಹಿಂದೆ ನಡೆದು ಬರುತ್ತಿದ್ದ. ಇಸ್ತ್ರಿ ಹಾಕಿದ ಬಿಳಿ ಗಲಬಿಯ್ಯ ನಿಲುವಂಗಿ, ಧೂಳು ಮೆತ್ತಿದ ಬೂಟು. ಮೂವತ್ತು ಮೆರವಣಿಗೆಗಳಲ್ಲಿ ಅವನು ನಡೆದದ್ದು ನಾನು ನೋಡಿರಲಿಲ್ಲ. ಅವನ ಕೈಗಳಿಗೆ ಏನು ಮಾಡಬೇಕೆಂದು ಗೊತ್ತಾಗದೆ ಒಮ್ಮೆ ಬೆನ್ನ ಹಿಂದೆ ಹೋಗುತ್ತಿದ್ದವು, ಒಮ್ಮೆ ಜೇಬಿಗೆ. ನನಗೆ ಅಳು ಬಂತು. ಅಳುವ ಮುಖ ಎಷ್ಟು ಕೆಟ್ಟದಾಗಿರುತ್ತದೆಂದು ಅಷ್ಟು ಹತ್ತಿರದಿಂದ ಅಂದೇ ನೋಡಿದೆ. ಅದನ್ನು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಕಾಲುವೆಯ ಸೇತುವೆ ಬಂತು. ಗಾಡಿಗಳು ನಿಧಾನವಾದವು. ಶಲಬಿ ಹೆಜ್ಜೆ ಹಾಕಿ ನನ್ನ ಗಾಡಿಯ ಸಮಕ್ಕೆ ಬಂದ. ಕನ್ನಡಿಯೊಳಗೆ ನನ್ನ ಕಣ್ಣು ನೋಡಿದ. ನಿನ್ನೆಯಿಂದ ಅವನು ನನ್ನೊಡನೆ ಒಂದು ಮಾತೂ ಆಡಿರಲಿಲ್ಲ.

“ಸೇತುವೆ ಇಳಿಯೋ ಕಡೆ ಒಂದು ಗುಂಡಿ ಇದೆ,” ಎಂದ. “ಮೊಣಕಾಲಷ್ಟು ಆಳದ್ದು. ಪ್ರತಿ ಸಲ ನನ್ ಮುಂದಿನ ಚಕ್ರ ಅದರಲ್ಲೇ ಬೀಳ್ತಿತ್ತು.”

ಗಾಡಿಯ ಅಂಚಿಗೆ ಒಂದು ಕೈ ಇಟ್ಟು ಸ್ವಲ್ಪ ದೂರ ನಡೆದ.

“ಗಟ್ಟಿಯಾಗಿ ಹಿಡ್ಕೊ,” ಎಂದ.

ಹಿಡಿದುಕೊಂಡೆ.